‘ನಾಳೆ ಬಾ’ಗೆ ಒಂದು ರಾತ್ರಿ ಸಾಕು, ಬೆಲ್ಲದ ಹದಕ್ಕೆ ಸಾಲದು

1990ರ ದಶಕದಲ್ಲಿ ಬೆಂಗಳೂರಿನಲ್ಲೂ ನಾಡಿನ ಬೇರೆ ಊರುಗಳಲ್ಲೂ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ದೆವ್ವವೊಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರಹ ಕಂಡರೆ ‘ಸರಿ, ನಾಳೆ ಬರೋಣ’ ಎಂದು ಹಿಂದಿರುಗುತ್ತದೆ, ನಾಳೆಯೂ ಬರಹ ಅಲ್ಲೇ ಇರುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಹೊತ್ತಿನಲ್ಲಿ ಬರೆದೇ ಬಿಡಬಹುದಿತ್ತು.

ಗುಟ್ಟು ಇರುವುದೂ ಅಲ್ಲೇ. ಬರೆಯಲು ಬೇಕಾದದ್ದು ಒಂದು ಚೂರು ಸೀಮೆಸುಣ್ಣ. ಬರೆಯದಿದ್ದರೆ ಹೋಗುವುದು ಪ್ರಾಣ. ನಂಬಿಕೆ ಅರ್ಧವಿದ್ದರೂ, ಕಾಲುಭಾಗವಿದ್ದರೂ ಲೆಕ್ಕ ಬರೆಯುವ ಕಡೆಗೇ ವಾಲುತ್ತದೆ. ಬರೆದ ಮೇಲೆ ಆ ಬಾಗಿಲೇ ಬೀದಿಗೆಲ್ಲ ಜಾಹೀರಾತು. ಎದುರು ಮನೆಯವರು ಕಥೆ ಕೇಳಿರದಿದ್ದರೂ ‘ಇದೇನು?’ ಎಂದು ಕೇಳುತ್ತಾರೆ, ಕೇಳಿದವರಿಗೆ ಉತ್ತರದ ಜೊತೆ ಭಯವೂ ಸಿಗುತ್ತದೆ. ಇನ್ನು ಸುಳ್ಳೆಂದು ತೋರಿಸುವ ದಾರಿಯೇ ಇಲ್ಲ. ದೆವ್ವ ಬರಲಿಲ್ಲವೆಂದರೆ ಬರಹ ಕೆಲಸ ಮಾಡಿತು ಎಂದೇ ಅರ್ಥ.

ಈಗ ಮಂಡ್ಯದ ಆಲೆಮನೆಗೆ ಬನ್ನಿ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹಾಕಿ, ಕೊಳೆ ಮೇಲೆ ತೇಲಲೆಂದು ಸುಣ್ಣದ ತಿಳಿಯನ್ನೂ ಬೆಂಡೆ ಗಿಡದ ಲೋಳೆಯನ್ನೂ ಬಿಟ್ಟು, ನೊರೆ ತೆಗೆಯುತ್ತಾ ಕುದಿಸುತ್ತಾರೆ. ಗಟ್ಟಿ ಬೆಲ್ಲ ಬೇಕಾದರೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಬೇಕು. ಜೋನಿ ಬೆಲ್ಲಕ್ಕೆ 105-106 ಸಾಕು. ಸ್ವಲ್ಪ ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಕಟ್ಟದೆ ಅಂಟಂಟಾಗುತ್ತದೆ, ತಡವಾದರೆ ಕಪ್ಪಾಗಿ ಕಮಟು ಹೊಡೆಯುತ್ತದೆ. ಸುಣ್ಣ ಹೆಚ್ಚಾದರೂ ಬಣ್ಣ ಕಪ್ಪು. ಕಬ್ಬು ಕಡಿದು ಒಂದೆರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ಅದರ ಸಕ್ಕರೆ ಒಡೆಯತೊಡಗಿರುತ್ತದೆ, ಆಗ ಎಷ್ಟು ಕಾಯಿಸಿದರೂ ಬೆಲ್ಲ ಸರಿಯಾಗಿ ನಿಲ್ಲುವುದಿಲ್ಲ. ಪಾಕ ಇಳಿಸುವವನು ಇದನ್ನೆಲ್ಲ ಅಳೆಯುವುದು ಗುಳ್ಳೆಯ ಗಾತ್ರದಲ್ಲಿ, ವಾಸನೆಯಲ್ಲಿ, ತಣ್ಣೀರಿಗೆ ಬಿಟ್ಟ ಒಂದು ತೊಟ್ಟು ಪಾಕ ಬೆರಳಲ್ಲಿ ಉಂಡೆಯಾಗುವ ರೀತಿಯಲ್ಲಿ, ಆ ಉಂಡೆಯನ್ನು ಬಡಿದರೆ ಬರುವ ಸದ್ದಿನಲ್ಲಿ. ಪಕ್ಕದ ಹುಡುಗ ‘ಆಯ್ತಾ?’ ಎಂದರೆ ‘ಇನ್ನೊಂದು ಕುದಿ ಬರ್ಲಿ ಇರ್ಲಾ’ ಎನ್ನುತ್ತಾನೆ. ಆ ‘ಇನ್ನೊಂದು ಕುದಿ’ ಎಂದರೆ ಎಷ್ಟು ಎಂಬುದನ್ನು ಅವನು ಮಾತಲ್ಲಿ ಹೇಳಲಾರ. ಹತ್ತಾರು ಕೊಪ್ಪರಿಗೆ ಪಕ್ಕದಲ್ಲಿ ನಿಂತು, ಒಂದೆರಡನ್ನು ಕೆಡಿಸಿಯೇ ಹುಡುಗ ಕಲಿಯಬೇಕು. ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಒಳ್ಳೆಯ ಪದವಿದೆ.

‘ನಾಳೆ ಬಾ’ ಕಣ್ಣಿನ ದಾರಿಯಲ್ಲಿ ಹೋಗುತ್ತದೆ, ಹದ ಕೈಯ ದಾರಿಯಲ್ಲಿ. ವಿಚಾರಗಳೂ ನಡವಳಿಕೆಗಳೂ ಮನುಷ್ಯರ ನಡುವೆ ಹೇಗೆ ಹರಡುತ್ತವೆ ಎಂದು ಕೇಳುವವರು ಮೊದಲು ಕೇಳಬೇಕಾದ್ದು ಅದು ಯಾವ ದಾರಿ ಹಿಡಿದಿದೆ ಎಂದು. ಒಂದು ದಾರಿಯ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ.

ನಕಲೋ, ಮರುಕಟ್ಟುವಿಕೆಯೋ

‘ಮೀಮ್’ ಎಂಬ ಪದ ಈಗ ಮೊಬೈಲಿನ ನಗೆಚಿತ್ರಕ್ಕೆ ಅಂಟಿಕೊಂಡುಬಿಟ್ಟಿದೆ. ಅದನ್ನು ಟಂಕಿಸಿದ್ದು ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರಲ್ಲಿ. ವಂಶವಾಹಿ ದೇಹದಿಂದ ದೇಹಕ್ಕೆ ನಕಲಾಗುವಂತೆ ರಾಗ, ನಂಬಿಕೆ, ಮಡಕೆ ಮಾಡುವ ವಿಧಾನ ಎಲ್ಲವೂ ತಲೆಯಿಂದ ತಲೆಗೆ ನಕಲಾಗುತ್ತವೆ. ಹೆಚ್ಚು ನಕಲಾಗುವುದು, ಸರಿಯಾಗಿ ನಕಲಾಗುವುದು, ಬಹುಕಾಲ ಬಾಳುವುದು ಉಳಿಯುತ್ತದೆ ಎಂಬುದು ಅವರ ಮಾತು. ಚೆಂದದ ಹೋಲಿಕೆ. ಆದರೆ ಅದನ್ನು ಎಳೆದಷ್ಟೂ ಹರಿಯುತ್ತದೆ. ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್ ಎತ್ತಿದ ಆಕ್ಷೇಪ ಸರಳ: ಜನ ನಕಲು ಮಾಡುವುದಿಲ್ಲ, ಸಿಕ್ಕ ಚೂರುಗಳಿಂದ ಮತ್ತೆ ಕಟ್ಟುತ್ತಾರೆ. ಕಥೆ ಕೇಳಿದವನ ತಲೆಯಲ್ಲಿ ಆ ಕಥೆಯ ಪ್ರತಿ ಇರುವುದಿಲ್ಲ. ಒಂದಷ್ಟು ಎಲುಬು ಇರುತ್ತದೆ, ಹೇಳುವಾಗ ಮಾಂಸ ಅವನೇ ತುಂಬುತ್ತಾನೆ. ಎಲ್ಲರೂ ಒಂದೇ ಬಗೆಯ ಮಾಂಸ ತುಂಬುವುದರಿಂದ ಕಥೆಗಳು ಒಂದೇ ಕಡೆಗೆ ಜಾರುತ್ತವೆ.

ಆ ಜಾರಾಟವನ್ನು ಮೊದಲು ಅಚ್ಚುಕಟ್ಟಾಗಿ ತೋರಿಸಿದವರು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್, 1932ರಲ್ಲಿ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ಒಬ್ಬರು ನೆನಪಿನಿಂದ ಬರೆದದ್ದನ್ನು ಇನ್ನೊಬ್ಬರಿಗೆ, ಅವರದ್ದನ್ನು ಮತ್ತೊಬ್ಬರಿಗೆ ಕೊಡುತ್ತ ಹೋದರು. ಕಥೆ ಕುಗ್ಗಿತು. ಕನೂ ಎಂಬ ಸಣ್ಣ ತೋಡುದೋಣಿ ಬರೀ ದೋಣಿಯಾಯಿತು, ಸೀಲ್ ಬೇಟೆ ಮೀನುಗಾರಿಕೆಯಾಯಿತು, ಅರ್ಥವಾಗದ ದೆವ್ವಗಳು ಮೆಲ್ಲಗೆ ಜಾಗ ಖಾಲಿ ಮಾಡಿದವು.

ಈ ಪ್ರಯೋಗವನ್ನು ಮಂಡ್ಯದ ಯಾವ ಶಾಲೆಯಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಸುಮಾರು 120 ಪದಗಳ ಕಥೆ ಬರೆದುಕೊಳ್ಳಿ. ಅದರಲ್ಲಿ ಮೂರು ಸಂಖ್ಯೆ, ಮೂರು ಊರಿನ ಹೆಸರು, ಒಂದು ಜಗಳ, ಒಂದು ಹೇಸಿಗೆಯ ವಿವರ, ಕಾರಣ ಹೇಳದ ಒಂದು ವಿಚಿತ್ರ ಘಟನೆ ಇರಲಿ. ಹತ್ತು ಜನರನ್ನು ಸಾಲಾಗಿ ಆರಿಸಿ, ಉಳಿದವರ ಕಿವಿಗೆ ಬೀಳದ ಕೋಣೆಯಲ್ಲಿ ಮೊದಲನೆಯವರಿಗೆ ಎರಡು ಸಲ ಓದಿ ಹೇಳಿ. ಹತ್ತು ನಿಮಿಷ ಬೇರೆ ಏನಾದರೂ ಕೆಲಸ ಕೊಡಿ, ಮಗ್ಗಿ ಬರೆಸಿದರೂ ಆದೀತು. ಬಿಡುವು ಕೊಡದಿದ್ದರೆ ಪರೀಕ್ಷೆಯಾಗುವುದು ಬರೀ ಬಾಯಿಪಾಠ. ಆಮೇಲೆ ಬರೆಸಿ, ಬರೆದದ್ದನ್ನು ಮುಂದಿನವರಿಗೆ ಓದಿ ಹೇಳಿ. ಬಹುಪಾಲು ಸಲ ಮೊದಲು ಉದುರುವುದು ಸಂಖ್ಯೆ, ಆಮೇಲೆ ಹೆಸರು. ಜಗಳ ಮತ್ತು ಹೇಸಿಗೆ ಕೊನೆಯವರೆಗೂ ಬರುತ್ತವೆ. ಕಾರಣವಿಲ್ಲದ ಘಟನೆಗೆ ಒಂದೋ ಯಾರಾದರೂ ಕಾರಣ ಕಟ್ಟುತ್ತಾರೆ, ಇಲ್ಲವೇ ಅದು ಬಿದ್ದುಹೋಗುತ್ತದೆ. ಇಡೀ ಸಾಲನ್ನು ಕೆಡಿಸುವ ಸಾಮಾನ್ಯ ತಪ್ಪೆಂದರೆ ಕಾದು ಕುಳಿತವರು ಮುಗಿಸಿದವರ ಜೊತೆ ಮಾತಾಡುವುದು, ಆದ್ದರಿಂದ ಮುಗಿಸಿದವರನ್ನು ಹೊರಗೆ ಕಳಿಸಿಬಿಡಿ.

ಸೋರಿಕೆಗೆ ಒಡ್ಡು

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ನೂರಕ್ಕೆ 95 ಭಾಗ ಸರಿಯಾಗಿ ದಾಟಿದರೂ ಹತ್ತು ಕೈ ದಾಟುವಷ್ಟರಲ್ಲಿ ಉಳಿಯುವುದು ಸುಮಾರು 60, ಇಪ್ಪತ್ತು ಕೈ ದಾಟಿದರೆ 36. ಹಾಗಾದರೆ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ ಇಂದಿಗೂ ದಸರಾ ಎಂದು ಗುರುತು ಸಿಗುವುದು ಹೇಗೆ?

ಅದು ಸರಪಳಿಯಲ್ಲ, ಬಲೆ. ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವುದನ್ನೇ ನೋಡಿ. ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು, ಪಟ್ಟದ ಬೊಂಬೆಗಳಾದ ರಾಜ-ರಾಣಿಗೆ ಮೇಲಿನ ಜಾಗ, ದಿನವೂ ಸಂಜೆ ಆರತಿ. ಇದನ್ನು ಮಗಳು ತಾಯಿಯಿಂದ ಮಾತ್ರ ಕಲಿಯುವುದಾಗಿದ್ದರೆ ಮೂರು ತಲೆಮಾರಿಗೆ ಕಲಸುಮೇಲೋಗರವಾಗುತ್ತಿತ್ತು. ಆದರೆ ಮಕ್ಕಳು ‘ಬೊಂಬೆ ಕೂರ್ಸಿದೀರಾ?’ ಎಂದು ಮನೆಮನೆ ತಿರುಗಿ ಬೊಂಬೆ ಬಾಗಿನ ತಿಂದು ಬರುತ್ತಾರೆ. ಹತ್ತು ಮನೆಯ ಜೋಡಣೆ ಅವರ ಕಣ್ಣಿಗೆ ಬಿದ್ದಿರುತ್ತದೆ. ತಾಯಿ ಮರೆತರೆ ಮಗು ನೆನಪಿಸುತ್ತದೆ, ಮಗು ಮರೆತರೆ ಎದುರು ಮನೆ. ಕೆಳಗಿನ ಮೆಟ್ಟಿಲಿನಲ್ಲಿ ಮಾತ್ರ ಯಾರ ಅಂಕೆಯೂ ಇಲ್ಲ. ಚೆಟ್ಟಿಯಾರ್ ದಂಪತಿಯ ಪಕ್ಕದಲ್ಲಿ ಕ್ರಿಕೆಟ್ ಆಟಗಾರ ನಿಂತಿರುತ್ತಾನೆ. ಹೊಸತು ಒಳಗೆ ಬರುವ ಜಾಗವೂ ಅದೇ.

ತಂದೆತಾಯಿಯಿಂದ ಮಕ್ಕಳಿಗೆ, ಗುರುವಿನಿಂದ ಬೇರೆಯವರ ಮಕ್ಕಳಿಗೆ, ಒಂದೇ ವಯಸ್ಸಿನವರ ನಡುವೆ ಎಂದು ಮೂರು ದಾರಿಗಳನ್ನು ವಿಜ್ಞಾನಿಗಳಾದ ಕವಾಲಿ-ಸ್ಫೋರ್ಜಾ ಮತ್ತು ಫೆಲ್ಡ್‌ಮನ್ 1981ರಲ್ಲೇ ಗಣಿತದಲ್ಲಿ ಬಿಡಿಸಿದ್ದರು. ಮೊದಲನೆಯದು ನಿಧಾನ, ಕೊನೆಯದು ವೇಗ. ಮಕ್ಕಳು ಮಕ್ಕಳಿಂದಲೇ ಕಲಿಯುವ ಚೌಕಾಬಾರದ ನಿಯಮಗಳು ಬೀದಿ ಬೀದಿಗೆ ಬೇರೆಯಾಗಿರುವುದಕ್ಕೆ ಕಾರಣ ಇಲ್ಲಿದೆ. ಐದೈದು ಮನೆಯ ಚೌಕ, ನಾಲ್ಕು ಕವಡೆ, ನಾಲ್ಕೂ ಅಂಗಾತ ಬಿದ್ದರೆ ಚೌಕ ಎಂದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು: ಇಷ್ಟು ಇಲ್ಲದೆ ಆಟವೇ ನಡೆಯದು, ಹಾಗಾಗಿ ಇವು ಗಟ್ಟಿ. ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬುದು ಆಡುವವರು ಕುಳಿತಲ್ಲೇ ತೀರ್ಮಾನವಾಗುತ್ತದೆ.

ಸೋರಿಕೆ ತಡೆಯಲು ಬೇಕೆಂದೇ ಕಟ್ಟಿದ ಒಡ್ಡುಗಳೂ ಇವೆ, ಅವುಗಳಲ್ಲಿ ಎರಡು ಒಂದಕ್ಕೊಂದು ತದ್ವಿರುದ್ಧ. ವೇದಪಾಠದ ಘನ ಎಂಬ ಪಠಣಕ್ರಮದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೆಣೆಯುತ್ತಾರೆ. ಒಂದೊಂದು ಪದವೂ ಹಲವು ಸಲ, ಹಲವು ನೆರೆಹೊರೆಯ ಜೊತೆ ಬರುತ್ತದೆ. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ತೊಡರುತ್ತದೆ. ಅರ್ಥ ತಿಳಿಯದಿದ್ದರೂ ಅಕ್ಷರ ಉಳಿಯಲಿ ಎಂಬ ಏರ್ಪಾಡು ಅದು. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರದು ಬೇರೆಯೇ ದಾರಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಿಂದ ಹಿಡಿದು ಚಿಕ್ಕಲ್ಲೂರಿನವರೆಗೆ ಈ ಕಾವ್ಯ ರಾತ್ರಿಯಿಡೀ ಹಾಡಾಗಿ ಬಾಳಿದೆ, ಆದರೆ ಎರಡು ರಾತ್ರಿಯ ಹಾಡು ಅಕ್ಷರಶಃ ಒಂದೇ ಇರುವುದಿಲ್ಲ. ಕಥೆಯನ್ನು ‘ಸಾಲು’ಗಳಾಗಿ ಒಡೆದಿದ್ದಾರೆ: ಕಲ್ಯಾಣದ ಸಾಲು, ಸಿದ್ದಪ್ಪಾಜಿಯ ಸಾಲು ಹೀಗೆ. ಸಾಲಿನ ಅನುಕ್ರಮ, ಪಾತ್ರಗಳ ಬಿರುದು, ಮತ್ತೆ ಮತ್ತೆ ಬರುವ ಸೊಲ್ಲು ಗಟ್ಟಿ. ನಡುವಿನ ವಚನಭಾಗ ಮೇಳದವರ ಕೈಯಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಮುಂದೆ ಹಾಡುವವನು ತಡವರಿಸಿದರೆ ಹಿಮ್ಮೇಳದವರು ಸೊಲ್ಲು ಹಿಡಿದು ಅವನಿಗೆ ಉಸಿರಾಡಲು ಬಿಡುತ್ತಾರೆ. ಅಕ್ಷರ ಹೋದರೂ ಕಥೆ ಉಳಿಯಲಿ ಎಂಬುದು ಇಲ್ಲಿಯ ಏರ್ಪಾಡು. ಯಾವುದು ಮೇಲು ಎಂದು ಜಗಳವಾಡುವುದು ದಂಡ. ಎರಡೂ ಬೇರೆ ಬೇರೆ ವಸ್ತು ಕಾಪಾಡುತ್ತಿವೆ.

ಯಾಕೆ ಎಂದು ಕೇಳದೆ ಮಾಡುವುದನ್ನು ಮೂಢತನ ಎಂದು ತಳ್ಳಿಹಾಕುವವರು 2005ರ ಒಂದು ಪ್ರಯೋಗ ನೋಡಬೇಕು. ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಒಂದು ಪೆಟ್ಟಿಗೆಯಿಂದ ತಿಂಡಿ ತೆಗೆದು ತೋರಿಸಿದರು, ನಡುವೆ ಬೇಕೆಂದೇ ಕೆಲಸಕ್ಕೆ ಬಾರದ ಹೆಜ್ಜೆ ಸೇರಿಸಿದರು. ಪೆಟ್ಟಿಗೆ ಪಾರದರ್ಶಕವಾದಾಗ ಚಿಂಪಾಂಜಿಗಳು ಆ ಹೆಜ್ಜೆ ಬಿಟ್ಟು ನೇರ ತಿಂಡಿಗೆ ಕೈಹಾಕಿದವು. ಮೂರು-ನಾಲ್ಕು ವರ್ಷದ ಮಕ್ಕಳು ದಂಡದ ಹೆಜ್ಜೆಯನ್ನೂ ಬಿಡದೆ ಮಾಡಿದರು. ಚಿಂಪಾಂಜಿಯೇ ಜಾಣ ಎನ್ನಿಸುತ್ತದೆ. ಆದರೆ ಹಳೇ ಮೈಸೂರು ಸೀಮೆಯ ಹಗೇವನ್ನು ನೆನೆಯಿರಿ. ನೆಲದೊಳಗೆ ರಾಗಿ ತುಂಬಿ ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಅದಕ್ಕೇ ತೆಗೆದ ಕೂಡಲೆ ಇಳಿದವನು ಸಾಯುತ್ತಾನೆ. ‘ಬಾಯಿ ತೆಗೆದು ಗಾಳಿಯಾಡಲು ಬಿಡು, ದೀಪ ಇಳಿಸಿ ನೋಡು, ಆಮೇಲೆ ಇಳಿ’ ಎಂಬ ಕ್ರಮ ರಸಾಯನಶಾಸ್ತ್ರ ಗೊತ್ತಿಲ್ಲದವನ ಜೀವವನ್ನೂ ಉಳಿಸುತ್ತಿತ್ತು. ಚಿಂಪಾಂಜಿಯಂತೆ ‘ದೀಪ ಯಾಕೆ?’ ಎಂದು ಬಿಟ್ಟವನು ಆ ಪಾಠವನ್ನು ಯಾರಿಗೂ ದಾಟಿಸಲಾರ. (ದೀಪ ಉರಿದ ಮಾತ್ರಕ್ಕೆ ವಿಷಗಾಳಿ ಇಲ್ಲವೆಂದಲ್ಲ. ಈಗ ಯಾರೂ ಬಾವಿಗೋ ಗುಂಡಿಗೋ ಬರೀ ದೀಪ ನಂಬಿ ಇಳಿಯಬಾರದು.)

ಕಿವಿಗೆ ಬೀಳುವುದು ಬೇರೆ, ಹೊಲಕ್ಕೆ ಇಳಿಯುವುದು ಬೇರೆ

ಅಮೆರಿಕದ ಐಯೊವಾದಲ್ಲಿ ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 259 ರೈತರನ್ನು ಮಾತಾಡಿಸಿ, ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತೆಂದು 1943ರಲ್ಲಿ ಬರೆದರು. 1928ರಿಂದ 1941ರೊಳಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಅದನ್ನು ಹಾಕಿದ್ದರು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ಮುಟ್ಟಿದ್ದು ಮಾರಾಟಗಾರರಿಂದ. ಹಾಕೋಣ ಎಂದು ಮನಸ್ಸು ಗಟ್ಟಿಯಾದದ್ದು ಮಾತ್ರ ನೆರೆಯವರಿಂದ. ಅದೂ ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ. ಈ ಬಗೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಎವರೆಟ್ ರೋಜರ್ಸ್ 1962ರಲ್ಲಿ ಜನರನ್ನು ವಿಂಗಡಿಸಿದ: ಮೊದಲು ಧುಮುಕುವವರು 2.5%, ಅವರ ಹಿಂದಿನವರು 13.5%, ನಡುವೆ 34ರ ಎರಡು ಪಾಲು, ಕೊನೆಗೆ 16%. ಈ ಅಂಕಿಗಳು ಗಂಟೆಯಾಕಾರದ ರೇಖೆಯನ್ನು ಕೊಯ್ದು ಮಾಡಿದ ತುಂಡುಗಳು, ಪ್ರಕೃತಿ ನಿಯಮವೇನಲ್ಲ. ತರಬೇತಿ ಶಿಬಿರಗಳಲ್ಲಿ ಅದನ್ನು ವೇದವಾಕ್ಯದಂತೆ ಒಪ್ಪಿಸುವುದನ್ನು ನೋಡಿದರೆ ಇದೂ ಒಂದು ಚೆನ್ನಾಗಿ ಹರಡಿದ ಮೀಮ್ ಎನ್ನಬೇಕು.

ಮಂಡ್ಯದ ನೆಲ ಇದಕ್ಕೆ ಒಳ್ಳೆಯ ಪಾಠ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ತಂದಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಅದರ ಹಿಂದೆ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಇದ್ದರು. ರಾಗಿ ಸೀಮೆ ಕಬ್ಬಿನ ಸೀಮೆಯಾದದ್ದು ಭಾಷಣದಿಂದಲ್ಲ. ನೀರು, ಕೊಳ್ಳುವವರು, ಪಕ್ಕದ ಗದ್ದೆಯಲ್ಲಿ ಕಣ್ಣಿಗೆ ಕಾಣುವ ಬೆಳೆ ಮೂರೂ ಒಟ್ಟಿಗೆ ಒದಗಿದವು. ಮುಂದೆ ಇದೇ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅದು ಹರಡಿದ ಬಗೆಗೂ ಹೈಬ್ರಿಡ್ ಮುಸುಕಿನ ಜೋಳ ಹರಡಿದ ಬಗೆಗೂ ದೊಡ್ಡ ವ್ಯತ್ಯಾಸವಿದೆ. ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಕೊಳ್ಳಬೇಕು. ರಾಗಿ ತನ್ನ ಹೂವಿಗೆ ತಾನೇ ಪರಾಗ ಕೊಡುವ ಪೈರು, ಬೆಳೆದ ಕಾಳೇ ಮುಂದಿನ ಬೀಜ. ಒಂದು ಸೇರು ಬೀಜ ಮಗಳ ಜೊತೆ ಬೀಗರ ಊರಿಗೆ ಹೋಗಬಹುದು, ತಳಿ ಬದಲಾಗುವುದಿಲ್ಲ. ಹಂಚುವ ವಸ್ತುವೇ ತನ್ನನ್ನು ತಾನು ಸರಿಯಾಗಿ ನಕಲು ಮಾಡಿಕೊಳ್ಳುವಾಗ ಹಂಚುವವರು ಜಾಣರಾಗಿರಬೇಕಿಲ್ಲ.

ಸುದ್ದಿಯ ಓಟವೇ ಬೇರೆ. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶ ದಾಟಿ ವಿದೇಶಕ್ಕೂ ಹೋಯಿತು, ಆಗ ಕೈಯಲ್ಲಿ ಮೊಬೈಲ್ ಇರಲಿಲ್ಲ, ಎಸ್‌ಟಿಡಿ ಬೂತ್ ಇತ್ತು. ತುಂಬಿದ ಚಮಚವನ್ನು ವಿಗ್ರಹಕ್ಕೆ ತಾಗಿಸಿದರೆ ಮೇಲ್ಮೈ ಎಳೆತಕ್ಕೆ ಹಾಲು ಹೊರಬಂದು ಕಲ್ಲಿನ ಮೇಲೆ ತೆಳ್ಳಗೆ ಇಳಿಯುತ್ತದೆ. ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ ಇಳಿದ ದಾರಿ ಕಂಡಿತು. ಇಂಥ ಸುದ್ದಿ ಒಯ್ಯುವವರು ಆಪ್ತರಲ್ಲ, ಮುಖಪರಿಚಯದವರು ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದ: ಆಪ್ತರಿಗೆಲ್ಲ ಒಂದೇ ಸುದ್ದಿ ಗೊತ್ತಿರುತ್ತದೆ, ಸಂತೆಯಲ್ಲಿ ಸಿಗುವ ದೂರದ ನೆಂಟ ಬೇರೆ ಊರಿನದನ್ನು ತರುತ್ತಾನೆ. ಆದರೆ ರೂಢಿ ಬದಲಿಸುವ ವಿಷಯಕ್ಕೆ ಒಬ್ಬ ದೂರದ ನೆಂಟ ಸಾಲದು. 2010ರಲ್ಲಿ ಡೇಮನ್ ಸೆಂಟೋಲಾ ಅಂತರ್ಜಾಲದಲ್ಲಿ ನಡೆಸಿದ ಪ್ರಯೋಗದಲ್ಲಿ, ಒತ್ತೊತ್ತಾಗಿ ಹೆಣೆದ ನೆರೆಹೊರೆಗಳಲ್ಲಿ ಹೊಸ ನಡವಳಿಕೆಯನ್ನು ಸುಮಾರು 54% ಜನ ಹಿಡಿದರು. ದೂರದೂರದ ಎಳೆಗಳಿದ್ದ ಜಾಲದಲ್ಲಿ 38%. ನಾಲ್ಕು ಕಡೆಯಿಂದ ಅದೇ ಮಾತು ಬಂದಾಗಲೇ ಕೈ ಅಲ್ಲಾಡುತ್ತದೆ.

ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದು, 2020ರ ಏಪ್ರಿಲ್‌ನಲ್ಲಿ ಬಹಳ ಸಲ ದಾಟಿ ಬಂದ ಸಂದೇಶಗಳಿಗೆ ಅದನ್ನು ಒಂದಕ್ಕೆ ಇಳಿಸಿತು. ಲೆಕ್ಕ ಹೀಗೆ: 200 ಜನರ ಒಂದೊಂದು ಗುಂಪಿನಲ್ಲೂ ಒಬ್ಬನಿಗೆ ಮಾತ್ರ ಮುಂದೆ ತಳ್ಳುವ ಚಟವಿದೆ ಎನ್ನಿ. ಅವನು ಐದು ಗುಂಪಿಗೆ ತಳ್ಳಿದರೆ ನಾಲ್ಕನೇ ಹೆಜ್ಜೆಗೆ 625 ಹೊಸ ಗುಂಪು. ಒಂದಕ್ಕೆ ಮಾತ್ರವಾದರೆ ನಾಲ್ಕನೇ ಹೆಜ್ಜೆಗೂ ಒಂದೇ. ಯಾರ ಬುದ್ಧಿಯನ್ನೂ ತಿದ್ದದೆ, ಸುಳ್ಳು ಯಾವುದೆಂದು ನೋಡದೆ, ಗುಣಾಕಾರದ ಒಂದು ಅಂಕಿ ಬದಲಿಸಿದ್ದಷ್ಟೇ. ಅಂಥ ಸಂದೇಶಗಳ ಓಡಾಟ 70% ಇಳಿಯಿತೆಂದು ಕಂಪನಿ ಹೇಳಿಕೊಂಡಿತು.

ಆರಿಸುವವರು ಯಾರು

ಹರಡಿದ್ದೆಲ್ಲ ಒಳ್ಳೆಯದಲ್ಲ, ಹರಡಿಸಿದವರಿಗೇ ಬೇಡವಾದದ್ದೂ ಹರಡುತ್ತದೆ. ಮಂಡ್ಯದ ಮಾರುಕಟ್ಟೆಗೆ ಅಚ್ಚು, ಕುರಿಕಟ್ಟು, ಬಕೆಟ್ ಎಂದು ಹಲವು ರೂಪದಲ್ಲಿ ಬೆಲ್ಲ ಬರುತ್ತದೆ. ಕೊಳ್ಳುವವರಿಗೆ ಪಾಕ ಹೇಗಾಯಿತೆಂದು ಗೊತ್ತಾಗುವುದಿಲ್ಲ, ಬಣ್ಣ ಕಾಣುತ್ತದೆ. ಹಳದಿ ಬೆಲ್ಲ ಚೊಕ್ಕಟ, ಕಪ್ಪು ಬೆಲ್ಲ ಕೆಟ್ಟದ್ದು ಎಂಬ ಗುರುತು ಒಂದು ಕಾಲಕ್ಕೆ ತಕ್ಕಮಟ್ಟಿಗೆ ನಿಜವೇ, ಹದಗೆಟ್ಟ ಪಾಕ ಕಪ್ಪಾಗುತ್ತದಲ್ಲ. ಆ ಗುರುತಿಗೆ ಬೆಲೆ ಬಂದ ಮೇಲೆ ಗುರುತನ್ನೇ ತಯಾರಿಸುವುದು ಸುಲಭವಾಯಿತು: ಬಿಳುಪು ಮಾಡುವ ಹೈಡ್ರೋಸ್ ಪುಡಿ ಕೊಪ್ಪರಿಗೆಗೆ ಬಿತ್ತು. ಒಂದು ಆಲೆಮನೆ ಹಾಕಿದರೆ ಹಾಕದ ಪಕ್ಕದವನ ಬೆಲ್ಲ ಮಂಕಾಗಿ ಕಾಣುತ್ತದೆ, ರೇಟು ಬೀಳುತ್ತದೆ, ಅವನೂ ಹಾಕುತ್ತಾನೆ. ಮನೆಗೆ ಮಾತ್ರ ಹಾಕದ ಬೆಲ್ಲ ಎತ್ತಿಡುತ್ತಾನೆ. ಇತ್ತೀಚೆಗೆ ‘ಕಪ್ಪು ಬೆಲ್ಲವೇ ಸಾವಯವ’ ಎಂಬ ಹೊಸ ಗುರುತು ಬಂದಿದೆ. ಇದನ್ನೂ ನಕಲು ಮಾಡುವುದು ಕಷ್ಟವಲ್ಲ, ಸೀದ ಪಾಕವೂ ಕಪ್ಪೇ.

ಕೆಲವೊಮ್ಮೆ ರೂಪ ನಿಂತು ಅರ್ಥ ಬದಲಾಗುತ್ತದೆ. ಜಂಬೂಸವಾರಿಯ 750 ಕೆ.ಜಿ.ಯ ಅಂಬಾರಿ, ಆನೆ, ಬನ್ನಿಮಂಟಪದ ದಾರಿ ಹಾಗೇ ಇವೆ, ಆದರೆ ಒಳಗೆ ಕೂರುತ್ತಿದ್ದವರು ಮಹಾರಾಜರು. 1971ರಲ್ಲಿ ರಾಜಧನ ರದ್ದಾದ ಕಾಲದಿಂದೀಚೆಗೆ ಕೂರುವುದು ಚಾಮುಂಡೇಶ್ವರಿ. ಇನ್ನು ಕೆಲವೊಮ್ಮೆ ಬೇರು ಒಂದೇ, ಕೊಂಬೆ ಬೇರೆ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ಟಿ. ಕೃಷ್ಣಮಾಚಾರ್ಯರೇ ಮುಂದಿನ ಮೂವರಿಗೂ ಗುರು. ಪಟ್ಟಾಭಿ ಜೋಯಿಸರು ಉಸಿರಿಗೆ ಹೊಂದಿಸಿದ ಆಸನಗಳ ಸರಣಿ ಹಿಡಿದರು. ಬಿ.ಕೆ.ಎಸ್. ಅಯ್ಯಂಗಾರರು ಪುಣೆಗೆ ಹೋಗಿ ಹಗ್ಗ, ಮರದ ತುಂಡು, ಬೆಲ್ಟುಗಳ ನೆರವಿನಿಂದ ನಿಲುವಿನ ನಿಖರತೆ ಹಿಡಿದರು. ಮಗ ದೇಶಿಕಾಚಾರ್ ಚೆನ್ನೈಯಲ್ಲಿ ಒಬ್ಬೊಬ್ಬರಿಗೂ ತಕ್ಕಂತೆ ಬದಲಿಸುವುದನ್ನು ಹಿಡಿದರು. ಗುರು ಬೇರೆ ಬೇರೆ ಕಾಲದಲ್ಲಿ, ಬೇರೆ ವಯಸ್ಸಿನ, ಬೇರೆ ಮೈಕಟ್ಟಿನ ಶಿಷ್ಯರಿಗೆ ಬೇರೆಯೇ ಕಲಿಸಿದ್ದು ಇದಕ್ಕೆ ಅರ್ಧ ಕಾರಣ. ಪ್ರತಿಯೊಬ್ಬ ಶಿಷ್ಯನಿಗೂ ತಾನು ಕಲಿತದ್ದೇ ಪೂರ್ತಿ ಪಾಠ.

ಕಳೆದುಹೋಗುವುದಕ್ಕೂ ಒಂದು ಲೆಕ್ಕವಿದೆ. ಕಷ್ಟದ ಕಸುಬಿನಲ್ಲಿ ಶಿಷ್ಯರು ಸರಾಸರಿಯಲ್ಲಿ ಗುರುವಿಗಿಂತ ಕೆಳಗೇ ನಿಲ್ಲುತ್ತಾರೆ, ನೂರರಲ್ಲಿ ಒಬ್ಬ ಮೀರುತ್ತಾನೆ. ಕಲಿಯುವವರು ನೂರಿದ್ದರೆ ಆ ಒಬ್ಬ ಸಿಗುತ್ತಾನೆ, ಮುಂದಿನವರು ಅವನಿಂದ ಕಲಿಯುತ್ತಾರೆ. ಐದೇ ಇದ್ದರೆ ಸಿಗುವ ಸಂಭವ ಕಡಿಮೆ, ಕಸುಬು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2004ರಲ್ಲಿ, ಕಡಿಮೆ ಜನರಿದ್ದು ಹಲವು ಕಸುಬುಗಳು ಮರೆತುಹೋದವೆನ್ನಲಾದ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪವನ್ನು ಮುಂದಿಟ್ಟು ಈ ವಾದ ಕಟ್ಟಿದ. ಆ ದ್ವೀಪದ ವಿಷಯದಲ್ಲಿ ಒಪ್ಪದವರಿದ್ದಾರೆ, ಗಣಿತವನ್ನು ಅಲ್ಲಗಳೆಯುವುದು ಕಷ್ಟ.

ಹಾಗಾಗಿ ಆಲೆಮನೆಯ ಕಸುಬನ್ನು ದಾಖಲಿಸಲು ಹೊರಡುವವರು ಪಾಕ ಇಳಿಸುವವನ ಮುಖಕ್ಕೆ ಕ್ಯಾಮೆರಾ ಹಿಡಿದು ‘ಹೇಗೆ ಮಾಡ್ತೀರಿ?’ ಎಂದು ಕೇಳಿದರೆ ಸಿಗುವುದು ‘ಹದ ನೋಡ್ಕಂಡು’ ಎಂಬ ಉತ್ತರ. ಕ್ಯಾಮೆರಾ ಕೊಪ್ಪರಿಗೆಯ ಮೇಲಿರಲಿ, ಇನ್ನೊಂದು ಅವನ ಕೈಮೇಲೆ. ಥರ್ಮಾಮೀಟರ್ ಇಳಿಬಿಟ್ಟು, 110 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ತಣ್ಣೀರಿಗೆ ಪಾಕ ಬಿಟ್ಟು ಉಂಡೆಯ ಚಿತ್ರ ತೆಗೆಯಿರಿ, ಸದ್ದು ಹಿಡಿಯಿರಿ. ಬೆಳಿಗ್ಗೆ ಕಡಿದ ಕಬ್ಬು, ಎರಡು ದಿನದ ಕಬ್ಬು, ಕಡಿದ ಬುಡದಿಂದ ಚಿಗುರಿದ ಕೂಳೆ ಕಬ್ಬು ಮೂರನ್ನೂ ಬೇರೆ ಬೇರೆ ಮಾಡಿಸಿ. ಕೆಟ್ಟ ಪಾಕವನ್ನು ಬಿಸಾಡುವ ಮುಂಚೆ ಚಿತ್ರ ತೆಗೆದು, ಎಲ್ಲಿ ಕೆಟ್ಟಿತೆಂದು ಅವನ ಬಾಯಲ್ಲೇ ಹೇಳಿಸಿ: ಸರಿಯಾದ ಪಾಕದ ಬಗ್ಗೆ ಮಾತು ಹೊರಡದವನಿಗೆ ಕೆಟ್ಟ ಪಾಕದ ಬಗ್ಗೆ ಧಾರಾಳವಾಗಿ ಹೊರಡುತ್ತದೆ. ಆಮೇಲೆ ಆ ವಿಡಿಯೋ ನೋಡಿದ ಹೊಸಬನೊಬ್ಬನ ಕೈಗೆ ಒಂದು ಕೊಪ್ಪರಿಗೆ ಕೊಟ್ಟು, ಅವನು ಎಲ್ಲೆಲ್ಲಿ ತಿರುಗಿ ಮುದುಕನ ಮುಖ ನೋಡುತ್ತಾನೆ ಎಂಬುದನ್ನು ಬರೆದುಕೊಳ್ಳಿ. ವಿಡಿಯೋದಲ್ಲಿ ಬಿಟ್ಟುಹೋದದ್ದು ಅಷ್ಟು.